ಟ್ಯಾಬ್ ಸಿಸ್ಟರ್ ಕೈಯಲ್ಲಿ, ಕಾರ್ಡ್ ತಾಯಿಯ ಕೈಯಲ್ಲಿ

ಅಸರ್ ನಮಾಝ್ ಮುಗಿದು ಸಂಜೆಯ ತರಗತಿಗೆ ಮಕ್ಕಳು ಬರುವವರೆಗೆ ನಮ್ಮ ಮದ್ರಸದ ಜಗಲಿ ಖಾಲಿ ಇರುತ್ತದೆ. ವಾರದಲ್ಲಿ ಎರಡು ಮೂರು ದಿನ ಆ ಹೊತ್ತಿಗೆ ನಮ್ಮೂರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಬಂದು ಅಲ್ಲಿ ಕೂತುಕೊಳ್ಳುತ್ತಾರೆ. ಹೆಗಲಲ್ಲಿ ಬ್ಯಾಗು, ಮಡಿಲಲ್ಲಿ ದಪ್ಪ ರಿಜಿಸ್ಟರ್, ಕೈಯಲ್ಲಿ ಇಲಾಖೆ ಕೊಟ್ಟ ಟ್ಯಾಬ್. ಮೊದಲ ಸಲ ನೋಡಿದಾಗ ಪೋಲಿಯೋ ಹನಿಯ ವಿಷಯ ಮೈಕಿನಲ್ಲಿ ಹೇಳಿಸಲಿಕ್ಕೆ ಬಂದಿರಬೇಕು ಎಂದುಕೊಂಡೆವು. ಕೇಳಿದರೆ, "ಅಲ್ಲ ಉಸ್ತಾದರೇ, ಉಪಕೇಂದ್ರದಲ್ಲಿ ನೆಟ್‌ವರ್ಕ್ ಸಿಕ್ಕುದಿಲ್ಲ. ನಿಮ್ಮ ಜಗಲಿಯಲ್ಲಿ ಎರಡು ಕಡ್ಡಿ ಬರ್ತದೆ. ಬೆಳಗ್ಗಿನಿಂದ ಬರೆದದ್ದೆಲ್ಲ ಇದರೊಳಗೇ ಕೂತುಂಟು, ಮೇಲೆ ಹೋಗ್ಬೇಕಲ್ಲ" ಎಂದರು.

ಮೇಲೆ ಹೋಗುವ ದಾಖಲೆ ಎಂದರೆ ನಮ್ಮಂಥವರಿಗೆ ಬೇರೆಯೇ ನೆನಪಾಗುತ್ತದೆ. ಇದು ಅದಲ್ಲ. ಬಸುರಿಯರ ತೂಕ, ರಕ್ತದೊತ್ತಡ, ರಕ್ತದ ಅಂಶ, ಮಗುವಿನ ಚುಚ್ಚುಮದ್ದು ಎಲ್ಲ ಈಗ ಸರಕಾರದ ಕಂಪ್ಯೂಟರಿಗೆ ಹೋಗಬೇಕು. ಆ ಜಗಲಿಯಲ್ಲಿ ಕೂತು ಆಡಿದ ಮಾತು, ನಮ್ಮ ಮನೆಯಲ್ಲೇ ಆದ ಒಂದು ಸಂಗತಿ, ಎರಡೂ ಸೇರಿ ಈ ಲೇಖನ ಬರೆಯಬೇಕೆನಿಸಿತು. ನಮ್ಮ ಹೆಂಗಸರು ಹೇಳುವುದು, "ಸಿಸ್ಟರ್ ಈಗ ನಮ್ಮ ಮುಖ ನೋಡುದೇ ಇಲ್ಲ, ಟ್ಯಾಬ್ ನೋಡ್ತಾರೆ." ಸಿಸ್ಟರ್ ಹೇಳುವುದು, "ನಿಮ್ಮ ಹೆಂಗಸರು ಸರಿಯಾದ ಫೋನ್ ನಂಬರೇ ಕೊಡುದಿಲ್ಲ, ನಾನೆಂತ ಮಾಡ್ಲಿ?" ಎರಡೂ ಸತ್ಯವೇ.

ನಾವು ಹುಟ್ಟಿದ್ದು ಮನೆಯಲ್ಲಿ. ಹೆರಿಗೆ ಮಾಡಿಸಿದ್ದು ನಾಲ್ಕು ಮನೆ ಆಚೆಯ ಒಬ್ಬ ಅಜ್ಜಿ. ಅವರಿಗೆ ಓದು ಬರಹ ಇರಲಿಲ್ಲ. ನಾವು ಹುಟ್ಟಿದ ದಾಖಲೆ ಎಂದರೆ ಉಪ್ಪ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಒಂದು ಸಾಲು ಮಾತ್ರ. ಬಾಗಿಲಿಗೆ ಹೊಸ ಪೈಂಟ್ ಬಂದ ದಿನ ಅದೂ ಹೋಯಿತು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟ್ರು ಜೂನ್ 1 ಎಂದು ಬರೆದರು. ನಮ್ಮ ಪ್ರಾಯದ ಬ್ಯಾರಿಗಳಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ಎಂದು ಯಾರಾದರೂ ಲೆಕ್ಕ ಹಾಕಿದರೆ ನಗು ಬಂದೀತು.

ಆ ಅಜ್ಜಿಯಂಥವರನ್ನು ಕಡಿಮೆ ಮಾಡಿ ಮಾತಾಡುವುದು ನಮ್ಮ ಉದ್ದೇಶವಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತುಂಟು. ಸಾವಿರಾರು ಹೆರಿಗೆಯನ್ನು ಒಂದು ಪೈಸೆ ಮುಟ್ಟದೆ ಮಾಡಿಸಿದವರು. ಅಂಥವರ ದಾಖಲೆ ಅವರ ಕೈ ಮತ್ತು ನೆನಪು. ಮೊದಲ ಹೆರಿಗೆಗೆ ಎಷ್ಟು ಹೊತ್ತು ಹಿಡಿಯಿತು, ಎರಡನೆಯದಕ್ಕೆ ರಕ್ತ ಜಾಸ್ತಿ ಹೋಗಿತ್ತು, ಇವಳ ಉಮ್ಮನಿಗೂ ಹೀಗೇ ಆಗಿತ್ತು ಎಂಬುದೆಲ್ಲ ಅವರಿಗೆ ಕೇಳದೆಯೇ ಗೊತ್ತಿತ್ತು. ಆದರೆ ಆ ನೆನಪು ಆ ಒಬ್ಬರ ಜೊತೆಗೇ ಹೋಗುತ್ತದೆ. ಸೊಸೆಯಾಗಿ ಬೇರೆ ಊರಿಗೆ ಹೋದ ಹುಡುಗಿಯ ಜೊತೆಗೆ ಹೋಗುವುದಿಲ್ಲ. ಹೆರಿಗೆಯಲ್ಲಿ ತೀರಿಕೊಂಡವರ ಲೆಕ್ಕವನ್ನಂತೂ ಯಾರೂ ಇಡಲಿಲ್ಲ. ನಮ್ಮ ಕುಟುಂಬದಲ್ಲೇ ಹಳಬರ ಮಾತಿನಲ್ಲಿ "ಅವಳು ಹೆರಿಗೆಯಲ್ಲಿ ಹೋದಳು" ಎಂಬ ಇಬ್ಬರು ಇದ್ದಾರೆ. ಯಾವ ವರ್ಷ, ಏನಾಗಿತ್ತು ಎಂದು ಕೇಳಿದರೆ ಉತ್ತರವಿಲ್ಲ.

ಈಗ ಕಾಲ ಬದಲಾಗಿದೆ. ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿದೆ. ಇದು ಕಂಪ್ಯೂಟರಿನಿಂದ ಆದದ್ದು ಎಂದು ನಾವು ಹೇಳುವುದಿಲ್ಲ. ಆಸ್ಪತ್ರೆಯಲ್ಲೇ ಹೆರಿಗೆ ಆಗತೊಡಗಿದ್ದು, 108 ಆಂಬುಲೆನ್ಸ್ ಬಂದದ್ದು, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಮನೆಮನೆಗೆ ಆಶಾ ಕಾರ್ಯಕರ್ತೆಯರು ಬಂದದ್ದು, ಎಲ್ಲಕ್ಕಿಂತ ಮುಖ್ಯವಾಗಿ ಉಪಕೇಂದ್ರದ ಸಿಸ್ಟರ್‌ಗಳು ಗುಡ್ಡ ಹತ್ತಿ ಇಳಿದು ಬಸುರಿಯರನ್ನು ಹುಡುಕಿದ್ದು, ಇವೆಲ್ಲ ಸೇರಿ ಆದದ್ದು.

ಈ ಸಿಸ್ಟರ್ ಯಾರು ಎಂಬುದೇ ನಮ್ಮಲ್ಲಿ ಹಲವರಿಗೆ ಸರಿಯಾಗಿ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಎ.ಎನ್.ಎಂ. ಎನ್ನುತ್ತಾರೆ. ಆ ಕೊನೆಯ ಎಂ ಎಂದರೆ ಮಿಡ್‌ವೈಫ್, ಅಂದರೆ ಸೂಲಗಿತ್ತಿ. ಕನ್ನಡದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿದ್ದದ್ದು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಾಗಿದೆ. ಹೆಸರು ದೊಡ್ಡದಾಯಿತು, ಕೆಲಸ ಅದಕ್ಕಿಂತ ದೊಡ್ಡದಾಯಿತು. ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ 5000 ಜನರಿಗೆ, ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು ಉಪಕೇಂದ್ರ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿ ಇದ್ದರೆ ಅದರ ಚಾರ್ಜೂ ಇವರ ತಲೆಗೇ. ಈಗ ಅವರು ಹೆರಿಗೆ ಮಾಡಿಸುವುದು ಕಡಿಮೆ. ಆದರೆ ಹೆರಿಗೆಯ ಮೊದಲಿನ ಒಂಬತ್ತು ತಿಂಗಳು ಮತ್ತು ನಂತರದ ನಲ್ವತ್ತು ದಿನ ತಾಯಿಯನ್ನು ನೋಡಿಕೊಳ್ಳಬೇಕಾದವರು ಇವರೇ.

ದಾಖಲೆ ಅವರಿಗೆ ಹೊಸದಲ್ಲ. ಉದ್ದ ಗೆರೆಯ ರಿಜಿಸ್ಟರ್ ಮೊದಲಿನಿಂದಲೂ ಇತ್ತು. ತಾಯಿ ಕಾರ್ಡ್ ಬಂತು. 2009ರ ಹೊತ್ತಿಗೆ ಪ್ರತಿ ತಾಯಿ ಮಗುವನ್ನು ಹೆಸರು ಹಿಡಿದು ಹಿಂಬಾಲಿಸುವ ವ್ಯವಸ್ಥೆ ಕಂಪ್ಯೂಟರಿನಲ್ಲಿ ಶುರುವಾಯಿತು. ಆಮೇಲೆ ಅದು ಆರ್.ಸಿ.ಎಚ್. ಪೋರ್ಟಲ್ ಆಯಿತು. ನಿಮ್ಮ ತಾಯಿ ಕಾರ್ಡಿನ ಮೇಲೆ ಬರೆದಿರುವ ಉದ್ದದ ಆರ್.ಸಿ.ಎಚ್. ನಂಬರ್ ಅದೇ. ಬಳಿಕ ಟ್ಯಾಬಿನಲ್ಲೇ ತುಂಬಿಸುವ ಅನ್ಮೋಲ್ ಎಂಬ ಆ್ಯಪ್. ಉರ್ದು ಬಲ್ಲವರಿಗೆ ಗೊತ್ತು, ಅನ್ಮೋಲ್ ಎಂದರೆ ಬೆಲೆ ಕಟ್ಟಲಾಗದ್ದು. ನೆಟ್‌ವರ್ಕ್ ಇಲ್ಲದ ಕಡೆ ಬರೆದಿಟ್ಟು, ಸಿಕ್ಕಿದ ಕಡೆ ಕಳಿಸಬಹುದು. ಆದ್ದರಿಂದಲೇ ನಮ್ಮ ಜಗಲಿ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಡಿಜಿಟಲ್ ಆರೋಗ್ಯ ಅಭಿಯಾನ ಶುರುವಾದ ಮೇಲೆ 14 ಅಂಕಿಯ ಆಭಾ ನಂಬರ್ ಕೂಡ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಸಕ್ಕರೆ ಕಾಯಿಲೆ, ಬಿಪಿ ತಪಾಸಣೆಗೆ ಬೇರೆ ಆ್ಯಪ್. ಮಕ್ಕಳ ಚುಚ್ಚುಮದ್ದಿಗೆ ಯುವಿನ್. ಕ್ಷಯಕ್ಕೆ ನಿಕ್ಷಯ್. ಅಂಗನವಾಡಿಯವರದ್ದು ಪೋಷಣ್ ಟ್ರ್ಯಾಕರ್. ಒಬ್ಬಳೇ ಬಸುರಿಯ ಹೆಸರನ್ನು ಇಷ್ಟು ಕಡೆ ಬರೆಯಬೇಕು, ಒಂದಕ್ಕೊಂದು ಮಾತಾಡುವುದು ಕಡಿಮೆ. ಟ್ಯಾಬ್ ಬಂತೆಂದು ರಿಜಿಸ್ಟರ್ ಹೋಗಲೂ ಇಲ್ಲ. ಮೊದಲು ಕಾರ್ಡಿನಲ್ಲಿ, ಮತ್ತೆ ರಿಜಿಸ್ಟರಿನಲ್ಲಿ, ಮತ್ತೆ ಟ್ಯಾಬಿನಲ್ಲಿ. ನಾವು ಮದ್ರಸದಲ್ಲಿ ಒಂದು ಹಾಜರಿ ಪುಸ್ತಕ ತುಂಬಿಸಲಿಕ್ಕೇ ತಿಂಗಳ ಕೊನೆಗೆ ಗೊಣಗುವವರು. ಅವರ ಬ್ಯಾಗ್ ನೋಡಿದ ಮೇಲೆ ಗೊಣಗುವುದನ್ನು ಬಿಟ್ಟಿದ್ದೇವೆ.

ಇದರಿಂದ ಉಪಕಾರ ಆಗಿಲ್ಲವೇ? ಆಗಿದೆ. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇವೆ.

ನಮ್ಮಲ್ಲಿ ಚೊಚ್ಚಲು ಹೆರಿಗೆ ತವರಿನಲ್ಲಿ. ಏಳರಲ್ಲಿ ಕರೆದುಕೊಂಡು ಬರುತ್ತಾರೆ. ಗಂಡನ ಮನೆ ಬಂಟ್ವಾಳದ ಕಡೆ, ತವರು ಉಳ್ಳಾಲದ ಕಡೆ ಎಂದಿಟ್ಟುಕೊಳ್ಳಿ. ತಪಾಸಣೆ ಅಲ್ಲಿ, ಹೆರಿಗೆ ಇಲ್ಲಿ, ಚುಚ್ಚುಮದ್ದು ಅರ್ಧ ಇಲ್ಲಿ ಅರ್ಧ ಅಲ್ಲಿ. ಹೀಗೆ ಮನೆ ಬದಲಾಯಿಸುವಾಗಲೇ ತಾಯಿ ಸಿಸ್ಟರ್‌ಗಳ ಕಣ್ಣು ತಪ್ಪುವುದು. ನಮ್ಮ ನೆರೆಯ ಒಬ್ಬಳು ಎರಡನೇ ಬಸುರಿಯಲ್ಲಿ ತವರಿಗೆ ಬಂದಳು. ತಾಯಿ ಕಾರ್ಡ್ ಗಂಡನ ಮನೆಯಲ್ಲಿ ಎಲ್ಲೋ ಉಳಿಯಿತು. ಅವಳ ರಕ್ತದ ಗುಂಪು ನೆಗೆಟಿವ್. ಗಂಡನದು ಪಾಸಿಟಿವ್. ಇಂಥ ತಾಯಿಗೆ ಏಳನೇ ತಿಂಗಳ ಹೊತ್ತಿಗೆ ಒಂದು ವಿಶೇಷ ಚುಚ್ಚುಮದ್ದು ಬೇಕು, ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಮ್ಮೆ ಬೇಕು. ಇಲ್ಲದಿದ್ದರೆ ಮುಂದಿನ ಮಗುವಿನ ಜೀವಕ್ಕೇ ಅಪಾಯ. ಹುಡುಗಿಗೆ ಇದು ಯಾವುದೂ ನೆನಪಿಲ್ಲ. "ಎಂತದೋ ದುಬಾರಿ ಇಂಜೆಕ್ಷನ್ ಕೊಟ್ಟಿದ್ರು" ಎಂದಷ್ಟೇ ಹೇಳಿದಳು. ನಮ್ಮ ಸಿಸ್ಟರ್ ಅವಳ ಹಳೆಯ ಊರಿನ ಸಿಸ್ಟರಿಗೆ ಫೋನ್ ಮಾಡಿ ಆರ್.ಸಿ.ಎಚ್. ನಂಬರ್ ತೆಗೆಸಿ ಪೋರ್ಟಲಿನಲ್ಲಿ ಹುಡುಕಿದರು. ಹತ್ತು ನಿಮಿಷದಲ್ಲಿ ರಕ್ತದ ಗುಂಪು, ಹಿಂದಿನ ಹೆರಿಗೆಯ ವಿವರ ಸಿಕ್ಕಿತು. ಹಿಂದಿನ ಕಾಲದಲ್ಲಾದರೆ ಕಾರ್ಡ್ ತರಲಿಕ್ಕೆ ಒಬ್ಬ ಹುಡುಗನನ್ನು ಬಸ್ಸು ಹತ್ತಿಸಬೇಕಿತ್ತು.

ರಾತ್ರಿ ಹೊತ್ತು ಗಾಬರಿಯಲ್ಲಿ ಮಂಗಳೂರಿಗೆ ಓಡುವವರಿಗೂ ಹಾಗೆಯೇ. ತೊಂದರೆಯ ಹೆರಿಗೆ ಎಂದರೆ ನಮ್ಮ ಜಿಲ್ಲೆ ಮಾತ್ರ ಅಲ್ಲ, ನೆರೆಯ ಜಿಲ್ಲೆಗಳಿಂದಲೂ ಲೇಡಿಗೋಷನ್ ಆಸ್ಪತ್ರೆಗೆ ಬರುತ್ತಾರೆ. ಅಲ್ಲಿ ಕೆಲಸದಲ್ಲಿರುವ ನರ್ಸಿಗೆ ಆ ತಾಯಿಯ ಮುಖ ಹೊಸತು. ಅವಳ ರಕ್ತದ ಅಂಶ ಎಷ್ಟಿತ್ತು, ಹಿಂದೆ ಸಿಸೇರಿಯನ್ ಆಗಿದೆಯೋ ಎಂಬುದು ಬರಹದಲ್ಲಿ ಇದ್ದರೆ ಅರ್ಧ ಗಂಟೆ ಉಳಿಯುತ್ತದೆ. ಹೆರಿಗೆಯಲ್ಲಿ ಅರ್ಧ ಗಂಟೆ ಎಂದರೆ ಸಣ್ಣದಲ್ಲ.

ಇನ್ನು ನಮ್ಮ ಮನೆಯ ಸಂಗತಿ. ಆಸ್ಪತ್ರೆಯ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಬರೆಯುವುದು ಯಾರನ್ನೂ ಕಟಕಟೆಗೆ ನಿಲ್ಲಿಸಲಿಕ್ಕಲ್ಲ.

ನಮ್ಮ ತಂಗಿ ಮೂರನೆಯ ಬಸುರಿ. ಎಂಟು ತಿಂಗಳು. ಕಾಲು ಊದಿಕೊಂಡಿತ್ತು. ಬಸುರಿಯರಿಗೆ ಕಾಲು ಊದುವುದು ಸಾಮಾನ್ಯ ಎಂದು ಉಮ್ಮ ಹೇಳಿದರು, ನಾವೂ ಹೌದೆಂದೆವು. ಆಮೇಲೆ ಮುಖ ಊದಿತು, ಕೈಯ ಬಳೆ ಬಿಗಿಯಾಯಿತು. ತಪಾಸಣೆಯ ದಿನ ಹೋಗಿದ್ದಳು. ಆ ದಿನ ಅಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಬಸುರಿಯರು, ಕೂತವರು ಒಬ್ಬರೇ ಸಿಸ್ಟರ್. ಅವರದ್ದು ಬೇರೆ ಊರಿನ ಚಾರ್ಜ್, ಖಾಯಂ ಸಿಸ್ಟರ್ ಇರಲಿಲ್ಲ. ತಿಂಗಳ ಕೊನೆ. ಎಂಟ್ರಿ ಬಾಕಿ ಇದೆ ಎಂದು ಮೇಲಿನವರ ಫೋನ್ ಮೇಲೆ ಫೋನ್. ತಂಗಿಯ ಹೆಸರು ಟ್ಯಾಬಿನಲ್ಲಿ ತೆರೆಯಿತು, ಕಳೆದ ಸಲದ ಬಿಪಿ 110/70 ಎಂದಿತ್ತು. ಈ ಸಲವೂ 110/70 ಎಂದೇ ಬರೆದದ್ದು. ಪಟ್ಟಿ ಕಟ್ಟಿ ನೋಡಿದ್ದಾರೆಯೇ ಎಂದು ನಾವು ಆಮೇಲೆ ಕೇಳಿದೆವು. "ಇಲ್ಲ ಇಚ್ಚಾ, ತೂಕ ಮಾತ್ರ ನೋಡಿದ್ರು" ಎಂದಳು.

ಅದಾಗಿ ನಾಲ್ಕನೇ ದಿನ ಸುಬ್ಹಿಯ ಹೊತ್ತಿಗೆ ತಲೆನೋವು, ಕಣ್ಣು ಮಂಜು. ಅಡುಗೆಮನೆಯಲ್ಲಿ ನಿಂತಲ್ಲೇ ಫಿಟ್ಸ್ ಬಂದು ಬಿದ್ದಳು. 108ರಲ್ಲಿ ಒಯ್ದೆವು. ಆಸ್ಪತ್ರೆಯ ಡಾಕ್ಟ್ರು ಮೊದಲು ಕೈಗೆತ್ತಿಕೊಂಡದ್ದು ತಾಯಿ ಕಾರ್ಡ್. ಅದರಲ್ಲಿ ಬಿಪಿ ಎಲ್ಲ ಸಲವೂ ಚೆಂದ. ಅದನ್ನು ನೋಡಿ ಅವರು ಮೊದಲು ಬೇರೆ ಕಾಯಿಲೆ ಹುಡುಕಿದರು, ಮೂರ್ಛೆ ರೋಗ ಹಿಂದೆ ಇತ್ತಾ ಎಂದು ನಮ್ಮಲ್ಲಿ ಕೇಳಿದರು. ಬಿಪಿ ನೋಡಿದ ಮೇಲೆ ಅವರ ಮುಖ ಬದಲಾಯಿತು. ತಂಗಿ ಉಳಿದಳು, ಅಲ್‌ಹಮ್ದುಲಿಲ್ಲಾಹ್. ಮಗು ಉಳಿಯಲಿಲ್ಲ. ಗಂಡು ಮಗು. ಅದನ್ನು ಮಣ್ಣು ಮಾಡಿದ್ದು ನಮ್ಮ ಮಸೀದಿಯ ದಫನ ಭೂಮಿಯ ಮೂಲೆಯಲ್ಲಿ, ಮದ್ರಸದ ಕಿಟಕಿಯಿಂದ ಕಾಣುತ್ತದೆ.

ಕಾರ್ಡಿನಲ್ಲಿ ಏನೂ ಬರೆದಿರದಿದ್ದರೆ ಡಾಕ್ಟ್ರು ಮೊದಲೇ ಬಿಪಿ ನೋಡುತ್ತಿದ್ದರು. ಬರೆದಿದ್ದರಿಂದ ನಂಬಿದರು. ಖಾಲಿ ಕಲಮಿಗಿಂತ ಸುಳ್ಳು ಅಂಕಿ ಅಪಾಯ ಎಂಬುದು ನಮಗೆ ಆ ದಿನ ಅರ್ಥವಾಯಿತು. ಕಾಗದದಲ್ಲೂ ಹೀಗೆ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆಯಬಹುದಿತ್ತು, ಬರೆಯುತ್ತಿದ್ದರು ಕೂಡ. ಆದರೆ ಟ್ಯಾಬ್ ಒಂದು ಬದಲಾವಣೆ ತಂದಿದೆ. ಎಲ್ಲ ಕಲಮು ತುಂಬದೆ ಕೆಲಸ ಮುಂದೆ ಹೋಗುವುದಿಲ್ಲ, ತುಂಬಿತೋ ಇಲ್ಲವೋ ಎಂಬುದು ತಾಲೂಕಿನಲ್ಲಿ ಕೂತವರಿಗೆ ಅದೇ ದಿನ ಕಾಣುತ್ತದೆ. ತುಂಬಿದ್ದು ನಿಜವೋ ಎಂಬುದು ಅಲ್ಲಿ ಕೂತವರಿಗೆ ಕಾಣುವುದಿಲ್ಲ. ಯಾವುದು ಕಾಣುತ್ತದೋ ಅದಕ್ಕೆ ತಾನೇ ಫೋನ್ ಬರುವುದು?

ಆ ಸಿಸ್ಟರ್ ಮೇಲೆ ನಮಗೆ ಬಹಳ ದಿನ ಸಿಟ್ಟಿತ್ತು. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಆದರೆ ಜಗಲಿಯಲ್ಲಿ ಕೂತು ನಮ್ಮೂರ ಸಿಸ್ಟರ್ ಕೆಲಸ ಮಾಡುವುದನ್ನು ನೋಡುತ್ತಾ ನೋಡುತ್ತಾ, ತಪ್ಪು ಒಂದು ಕೈಯದ್ದಲ್ಲ ಎನಿಸಿತು. "ಒಬ್ಬಳನ್ನು ಸರಿಯಾಗಿ ನೋಡ್ಲಿಕ್ಕೆ ಇಪ್ಪತ್ತು ನಿಮಿಷ ಬೇಕು ಉಸ್ತಾದರೇ. ಬಿಪಿ ನೋಡುವ ಮೊದಲು ಅವಳು ಐದು ನಿಮಿಷ ಸುಮ್ಮನೆ ಕೂರ್ಬೇಕು. ಹೊಟ್ಟೆ ನೋಡ್ಬೇಕು, ಮಗುವಿನ ಹೃದಯ ಕೇಳ್ಬೇಕು. ಮನೆಯಲ್ಲಿ ಊಟ ಸರಿ ಉಂಟಾ, ಹೊಡೆತ ಬಡಿತ ಉಂಟಾ, ಅದನ್ನೂ ಕೇಳ್ಬೇಕು. ಅದು ಯಾವ ಕಲಮಿನಲ್ಲೂ ಇಲ್ಲ. ಎಂಟ್ರಿಗೇ ಹದಿನೈದು ನಿಮಿಷ ಹೋದ್ರೆ ಉಳಿದದ್ದೆಷ್ಟು?" ಇದು ಅವರ ಮಾತು. ಅವರು ಮಾಡುವ ಉಪಾಯ, ಮೊದಲು ಎಲ್ಲರನ್ನೂ ನೋಡಿ ಕಾರ್ಡಿನಲ್ಲಿ ಪೆನ್ನಿನಲ್ಲಿ ಬರೆಯುವುದು, ಟ್ಯಾಬಿಗೆ ಸಂಜೆ ನಮ್ಮ ಜಗಲಿಯಲ್ಲಿ ಏರಿಸುವುದು. ಅಂದರೆ ಆಫೀಸಿನ ಹೊತ್ತು ತಾಯಂದಿರಿಗೆ, ತನ್ನ ಸ್ವಂತ ಹೊತ್ತು ಟ್ಯಾಬಿಗೆ. ಮನೆಯಲ್ಲಿ ಅವರಿಗೂ ಮಕ್ಕಳಿದ್ದಾರೆ.

ಆಶಾ ಕಾರ್ಯಕರ್ತೆಯರ ಕಥೆ ಇನ್ನೂ ಒಂದು ತೆರ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಗೌರವಧನ ಹೆಚ್ಚಿಸಿ ಎಂಬುದು ಮುಖ್ಯ ಬೇಡಿಕೆ. ಅದರ ಜೊತೆಗೆ ಪೋರ್ಟಲಿನ ದೂರೂ ಇತ್ತು. ಆಶಾ ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾಳೆ, ಹೆರಿಗೆಯಾದ ಮೇಲೆ ಮೂರನೇ ದಿನ, ಏಳನೇ ದಿನ ಎಂದು ನಲ್ವತ್ತೆರಡನೇ ದಿನದವರೆಗೆ ಆರು ಸಲ ಮನೆಗೆ ಬಂದಿರುತ್ತಾಳೆ. ಆದರೆ ಪೋರ್ಟಲಿನಲ್ಲಿ ಅದು ಏರದಿದ್ದರೆ ಪ್ರೋತ್ಸಾಹಧನ ಇಲ್ಲ. ಮಾಡಿದ ಕೆಲಸ ಮಾಡಿಲ್ಲ ಎಂದಾಗುತ್ತದೆ. ಬಿಸಿಲಲ್ಲಿ ನಡೆದ ಕಾಲಿಗೆ ಸಾಕ್ಷಿ ಹೇಳುವುದು ಕಂಪ್ಯೂಟರ್ ಮಾತ್ರ ಎಂದಾದರೆ ಕಷ್ಟ.

ಈಗ ನಮ್ಮ ಕಡೆಯ ತಪ್ಪಿಗೆ ಬರುವ. ಇದನ್ನು ಸರಕಾರದ ತಲೆಗೆ ಕಟ್ಟಲಿಕ್ಕೆ ಆಗುವುದಿಲ್ಲ.

ಮೊದಲನೆಯದು ಫೋನ್ ನಂಬರ್. ನಮ್ಮ ಮನೆಗಳಲ್ಲಿ ಹೆಂಗಸಿನ ಆಧಾರಿಗೆ ಗಂಡನ ನಂಬರ್ ಜೋಡಿಸಿರುತ್ತೇವೆ. ಗಂಡ ಜುಬೈಲಿನಲ್ಲೋ ದುಬೈಯಲ್ಲೋ ಇರುತ್ತಾನೆ. ಕಳೆದ ತಿಂಗಳು ನಮ್ಮ ಅಣ್ಣನ ಮಗಳನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋದಾಗ ಆಭಾ ನಂಬರ್ ಮಾಡಿಸಲಿಕ್ಕೆ ಒಟಿಪಿ ಕಳಿಸಿದರು. ಒಟಿಪಿ ಹೋದದ್ದು ಸೌದಿಗೆ. ಅಳಿಯ ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ಇವಳು ಫೋನ್ ಮಾಡುವುದು, ಅವನು ಎತ್ತದಿರುವುದು. ಎತ್ತಿದಾಗ ಹತ್ತು ನಿಮಿಷ ಕಳೆದು ಒಟಿಪಿ ಸತ್ತಿತ್ತು. ಮತ್ತೊಮ್ಮೆ ಕಳಿಸಿದರೆ ಭಾರತದ ಸಿಮ್ಮಿಗೆ ರೀಚಾರ್ಜ್ ಇಲ್ಲ. ಸಿಸ್ಟರ್ ಮುಖ ನೋಡಿ ನಮಗೇ ನಾಚಿಕೆ. ಹಿಂದೆ ಆರು ಬಸುರಿಯರು ಕಾಯುತ್ತಿದ್ದರು. ಆ ಫಾರ್ಮಿನಲ್ಲಿ ಈ ನಂಬರ್ ಯಾರದ್ದು ಎಂದು ಕೇಳುವ ಒಂದು ಕಲಮು ಉಂಟು. ನಮ್ಮ ಜಮಾಅತಿನ ಕಾರ್ಡುಗಳಲ್ಲಿ ಅಲ್ಲಿ ತಾಯಿಯದ್ದೇ ಎಂದು ಬರೆದದ್ದು ಎಷ್ಟೋ. ಏನಾದರೂ ತುರ್ತು ಇದ್ದು ಸಿಸ್ಟರ್ ಆ ನಂಬರಿಗೆ ಫೋನ್ ಮಾಡಿದರೆ ಮಾತಾಡುವವ ಸಮುದ್ರದ ಆಚೆ. ಹುಡುಗಿಗೊಂದು ಸಿಮ್ ತೆಗೆದುಕೊಟ್ಟು ಅವಳ ಹೆಸರಿನಲ್ಲೇ ಆಧಾರಿಗೆ ಜೋಡಿಸಲಿಕ್ಕೆ ಒಂದು ಬೆಳಗ್ಗೆ ಸಾಕು. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವವರಿಗೆ ಇದು ದೊಡ್ಡದಲ್ಲ. ಹಾಗಂತ, ಆಭಾ ಕಡ್ಡಾಯ ಅಲ್ಲ ಎಂಬುದೂ ಗೊತ್ತಿರಲಿ. ಆಭಾ ಆಗಲಿಲ್ಲ ಎಂದು ತಪಾಸಣೆ ನಿಲ್ಲಿಸುವ ಹಾಗಿಲ್ಲ. ಆ ದಿನ ಸಿಸ್ಟರ್ ನಿಲ್ಲಿಸಲೂ ಇಲ್ಲ.

ಎರಡನೆಯದು ಹೆಸರು. ಆಧಾರಿನಲ್ಲಿ ಆಯಿಶತ್, ರೇಶನ್ ಕಾರ್ಡಿನಲ್ಲಿ ಐಸಮ್ಮ, ನಿಕಾಹ್ ಪುಸ್ತಕದಲ್ಲಿ ಆಯಿಷಾ, ಬ್ಯಾಂಕಿನಲ್ಲಿ ಆಯಿಷಾ ಬಾನು. ಕಂಪ್ಯೂಟರಿಗೆ ಇವರು ನಾಲ್ಕು ಹೆಂಗಸರು. ಚೊಚ್ಚಲು ಬಸುರಿಗೆ ಕೇಂದ್ರ ಸರಕಾರದ ಮಾತೃ ವಂದನಾ ಯೋಜನೆಯ 5000 ರೂಪಾಯಿ ಬಾರದಿದ್ದಾಗ ಗೇಟಿನಲ್ಲಿ ಬೈಸಿಕೊಳ್ಳುವುದು ಮಾತ್ರ ಆಶಾ ಕಾರ್ಯಕರ್ತೆ. ನಾವು ಉಸ್ತಾದರುಗಳೂ ನಿಕಾಹ್ ದಾಖಲೆ ಬರೆಯುವಾಗ ಆಧಾರ್ ನೋಡಿ ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ನಾವು ಮಾಡಿಕೊಂಡಿದ್ದೇವೆ, ಸ್ವಲ್ಪ ತಡವಾಗಿ.

ಇನ್ನು ಮರ್ಯಾದೆಯ ವಿಷಯ. ಬಸುರಿಯ ದಾಖಲೆ ಎಂದರೆ ಬರೀ ತೂಕ ಅಲ್ಲ. ಹಿಂದೆ ಎಷ್ಟು ಗರ್ಭ ಹೋಗಿದೆ, ಎಚ್‌ಐವಿ ಪರೀಕ್ಷೆ ಏನಾಯಿತು, ಮಕ್ಕಳಾಗದ ಹಾಗೆ ಏನು ಮಾಡಿಸಿಕೊಂಡಿದ್ದಾಳೆ, ಎಲ್ಲ ಅದರಲ್ಲಿ ಇರುತ್ತದೆ. ಗಂಡನ ಮನೆಯವರಿಗೂ ಗೊತ್ತಿಲ್ಲದ ಮಾತನ್ನು ಅವಳು ಸಿಸ್ಟರಿನಲ್ಲಿ ಹೇಳಿರುತ್ತಾಳೆ. ಅದು ಅಮಾನತ್. ಪೋರ್ಟಲಿಗೆ ಪಾಸ್‌ವರ್ಡ್ ಇರಬಹುದು. ಆದರೆ ಅವಸರಕ್ಕೆ ತಾಯಿ ಕಾರ್ಡಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ನಡೆಯುತ್ತಿದೆ. ಹಾಕುವವರ ಮನಸ್ಸು ಒಳ್ಳೆಯದೇ, ಲಿಸ್ಟ್ ಬೇಗ ತಲುಪಲಿ ಎಂದು. ಆದರೆ ಆ ಗುಂಪಿನಲ್ಲಿ ಯಾರ ಫೋನು ಯಾರ ಮಕ್ಕಳ ಕೈಯಲ್ಲಿ ಇರುತ್ತದೆ ಎಂದು ಯಾರಿಗೆ ಗೊತ್ತು? 2023ರಲ್ಲಿ ನಮ್ಮ ಖಾಸಗಿ ಮಾಹಿತಿಯ ರಕ್ಷಣೆಗೆಂದು ಪಾರ್ಲಿಮೆಂಟಿನಲ್ಲಿ ಒಂದು ಕಾನೂನು ಬಂದಿದೆ. ಕಾನೂನು ಹಳ್ಳಿಗೆ ನಡೆದು ಬರಲಿಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ನಮ್ಮ ಹೆಂಗಸರು "ಫೋಟೋ ಯಾಕೆ ಸಿಸ್ಟರ್, ಎಲ್ಲಿಗೆ ಕಳಿಸ್ತೀರಿ" ಎಂದು ಕೇಳಿದರೆ ತಪ್ಪಲ್ಲ.

ಅಂಗನವಾಡಿಯಲ್ಲಿ ಬಸುರಿಯರಿಗೆ ಕೊಡುವ ಆಹಾರ ಸಾಮಗ್ರಿಗೂ 2025ರ ಜುಲೈಯಿಂದ ಮುಖ ತೋರಿಸಿ ಫೋಟೋ ಹೊಂದಿಸುವ ಪದ್ಧತಿ ಬಂದಿದೆ. ಪರ್ದಾ ಹಾಕುವ ನಮ್ಮ ಕೆಲವು ಹುಡುಗಿಯರು ಇದಕ್ಕೆ ಹೆದರಿ ಸಾಮಗ್ರಿಯೇ ಬೇಡ ಎಂದು ಕೂತರು. ನಮ್ಮ ಟೀಚರ್ ಬುದ್ಧಿವಂತೆ. ಒಳಗಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ತಾನೇ ಫೋನ್ ಹಿಡಿದು ಮುಗಿಸಿದರು. ಎಲ್ಲ ಕಡೆ ಅಂಥ ಕೋಣೆ ಇರಬೇಕಲ್ಲ.

ಗಲ್ಫಿನಿಂದ ಬಸುರಿಯಾಗಿ ಊರಿಗೆ ಬರುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಅಬುಧಾಬಿಯಲ್ಲಿ ಎಲ್ಲ ಆಸ್ಪತ್ರೆಗಳ ದಾಖಲೆಯನ್ನು ಒಟ್ಟು ಸೇರಿಸುವ ವ್ಯವಸ್ಥೆಗೆ ಮಲಫ್ಫಿ ಎಂದು ಹೆಸರು. ದುಬೈಯಲ್ಲಿ ನಾಬಿದ್. ಅರಬಿಯಲ್ಲಿ ಮಲಫ್ಫಿ ಎಂದರೆ ನನ್ನ ಕಡತ. ಈ "ನನ್ನ" ಎಂಬುದು ನಮಗೆ ಇಷ್ಟವಾಯಿತು. ಆದರೆ ವಿಮಾನ ಹತ್ತಿ ಮಂಗಳೂರಲ್ಲಿ ಇಳಿದ ಮೇಲೆ ಆ ಕಡತ ಇಲ್ಲಿಯ ಟ್ಯಾಬಿನಲ್ಲಿ ತೆರೆಯುವುದಿಲ್ಲ. ಅಲ್ಲಿಂದ ಹೊರಡುವ ಮೊದಲೇ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲದರ ಕಾಗದ ಪ್ರಿಂಟ್ ಮಾಡಿಸಿ ತಂದುಕೊಳ್ಳಿ. ಫೋನಿನಲ್ಲಿ ಉಂಟು ಎಂದರೆ ಸಾಲದು. ಹೆರಿಗೆ ನೋವಿನಲ್ಲಿ ಇರುವವಳ ಫೋನಿನ ಲಾಕ್ ತೆಗೆಯುವವರು ಯಾರು?

ತಂಗಿಯ ವಿಷಯ ಆದಮೇಲೆ ನಮ್ಮ ಮನೆಯಲ್ಲಿ ಒಂದು ರೂಢಿ ಬಂದಿದೆ. ತಪಾಸಣೆಗೆ ಹೋದವಳು ಬಿಪಿ ಎಷ್ಟು ಎಂದು ಕೇಳಿಯೇ ಬರಬೇಕು. ಕೈಗೆ ಪಟ್ಟಿ ಕಟ್ಟದೆ ಅಂಕಿ ಬರೆದರೆ "ಒಮ್ಮೆ ನೋಡಿ ಸಿಸ್ಟರ್" ಎಂದು ಮೆಲ್ಲನೆ ಹೇಳಬೇಕು. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವತ್ತೇ ಡಾಕ್ಟ್ರ ಹತ್ತಿರ. ರಕ್ತದ ಅಂಶ 11ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಪ್ಪಿಸಬಾರದು, 7ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ. ಮುಖ ಕೈ ಊದಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮಗುವಿನ ಒದೆತ ಕಡಿಮೆಯಾದರೆ ತಪಾಸಣೆಯ ದಿನಕ್ಕೆ ಕಾಯಬಾರದು, ಕಾರ್ಡಿನಲ್ಲಿ ಏನೇ ಬರೆದಿರಲಿ. ಇದನ್ನು ಗಂಡಸರೂ ತಿಳಿದಿರಬೇಕು. ಆ ಬೆಳಿಗ್ಗೆ ನಮಗೆ ತಿಳಿದಿರಲಿಲ್ಲ.

ಸರಕಾರದಲ್ಲಿ ಕೇಳಬೇಕಾದ್ದು ಜಾಸ್ತಿ ಇಲ್ಲ. ಖಾಲಿ ಇರುವ ಸಿಸ್ಟರ್ ಹುದ್ದೆ ತುಂಬಿಸಲಿ. ಒಂದೇ ಸಲ ಬರೆದರೆ ಎಲ್ಲ ಆ್ಯಪಿಗೂ ಹೋಗುವ ಹಾಗೆ ಮಾಡಲಿ. ಟ್ಯಾಬಿನಲ್ಲಿ ಏರಿಸಲಿಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೊಡಲಿ, ಪಿಯುಸಿ ಆಗಿ ಕೆಲಸವಿಲ್ಲದೆ ಕೂತವರು ಪ್ರತಿ ಊರಿನಲ್ಲಿದ್ದಾರೆ. ನೋಡಿಲ್ಲದ ಬಿಪಿಯ ಎದುರು "ನೋಡಿಲ್ಲ" ಎಂದು ಬರೆದರೆ ಸಿಸ್ಟರಿಗೆ ನೋಟೀಸ್ ಹೋಗದಿರಲಿ.

ನಮ್ಮ ಕೈಯಲ್ಲಿ ಆಗುವುದನ್ನು ನಾವು ಮಾಡಿದೆವು. ಕಳೆದ ಮೀಟಿಂಗಿನಲ್ಲಿ ಮದ್ರಸ ಕಮಿಟಿಯವರ ಎದುರು ವಿಷಯ ಇಟ್ಟೆವು. ಒಬ್ಬಿಬ್ಬರು "ಮದ್ರಸದಲ್ಲಿ ಅದೆಲ್ಲ ಯಾಕೆ ಉಸ್ತಾದ್" ಎಂದರು. ತಂಗಿಯ ವಿಷಯ ಗೊತ್ತಿದ್ದ ಅಧ್ಯಕ್ಷರು ಮಾತಾಡಲಿಲ್ಲ, ತಲೆಯಾಡಿಸಿದರು. ಈಗ ಜಗಲಿಯ ಮೂಲೆಯಲ್ಲಿ ಒಂದು ಮೇಜು, ಒಂದು ಫ್ಯಾನ್, ಟ್ಯಾಬ್ ಚಾರ್ಜ್ ಮಾಡಲಿಕ್ಕೆ ಒಂದು ಪ್ಲಗ್ ಪಾಯಿಂಟ್ ಉಂಟು. ವೈಫೈಯ ಪಾಸ್‌ವರ್ಡ್ ಸಿಸ್ಟರಿಗೆ ಕೊಟ್ಟಿದ್ದೇವೆ. ಅಣ್ಣನ ಮಗಳು ಹೊಸ ಸಿಮ್ ತೆಗೆದುಕೊಂಡು ಮೊನ್ನೆ ಅಲ್ಲಿಗೇ ಬಂದಳು. ಒಟಿಪಿ ಅವಳದೇ ಫೋನಿಗೆ ಬಂತು. ಸಿಸ್ಟರ್ ಟ್ಯಾಬ್ ಮೇಜಿನ ಮೇಲೆ ಕವುಚಿ ಇಟ್ಟು, "ಐದು ನಿಮಿಷ ಸುಮ್ಮನೆ ಕೂತ್ಕೊ, ಮತ್ತೆ ಬಿಪಿ ನೋಡುವ" ಎಂದರು. ನಾವು ಮಕ್ಕಳನ್ನು ಜಗಲಿಯಿಂದ ಆಚೆ ಕರೆದುಕೊಂಡು ಹೋದೆವು.